ಎಲುಬಿನ ವಾರ್ಡು

ಮಾಳಿಗೆಯಿಂದ ಬಿದ್ದ ಗಂಡನಿಗೆ ಸೊಂಟದ ಕೆಳಗೆ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆ ಅರ್ಧ ದಿನದ ದಾರಿ. ಹಾಗಾಗಿ ದ್ಯಾಮವ್ವ ಅವನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು, ಸಮೀಪದಲ್ಲೇ ಹೊಸದಾಗಿ ಶುರುವಾಗಿದ್ದ ಮೆಡಿಕಲ್ ಕಾಲೇಜಿಗೆ ಬಂದಳು. ಗೇಟಿನಲ್ಲೇ ಇಬ್ಬರು ಓಡಿಬಂದು, ಏನೂ ಕೇಳದೆ, ಅವನನ್ನು ಎಲುಬಿನ ವಾರ್ಡಿನ ಖಾಲಿ ಮಂಚದ ಮೇಲೆ ಮಲಗಿಸಿದರು. ದೇವರು ಕಣ್ಣು ಬಿಟ್ಟ ಎಂದುಕೊಂಡಳು.

ಆದರೆ ಸುತ್ತಲಿನ ಮಂಚಗಳಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡವರು ಚಕ್ಕಳಮಕ್ಕಳ ಹಾಕಿ ಕೂತು ಹರಟುತ್ತಿದ್ದರು.

"ಇವತ್ತ ತಪಾಸಣಿಗೆ ಮ್ಯಾಲಿನವರು ಬರ್ತಾರವಾ," ಎಂದಳು ಪಕ್ಕದ ಮಂಚದ ಮುದುಕಿ. "ಪೇಷಂಟ್ ಭಾಳ ಅದಾರ ಅಂತ ತೋರಸಾಕ ನಮ್ಮನ್ನ ಕರಕೊಂಡು ಬಂದಾರ. ಮಧ್ಯಾಹ್ನ ಊಟ ಐತಿ."

ದ್ಯಾಮವ್ವ ಗಂಡನ ಕಡೆ ತಿರುಗಿದಳು. ಅವನು ಆಗಲೇ ಏದುಸಿರು ಬಿಡುತ್ತಿದ್ದ. ತಪಾಸಣೆಯವರು ಬಂದರು, ತಲೆಯಾಡಿಸಿದರು, ಮುಂದಿನ ವಾರ್ಡಿಗೆ ಹೋದರು. ಬಿಳಿ ಕೋಟು ತೊಟ್ಟು ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡ ಡಾಕ್ಟರರೊಬ್ಬರು ಮಾತ್ರ ಬಾಗಿಲ ಬಳಿ ಉಳಿದಿದ್ದರು. ಅವಳು ಓಡಿಹೋಗಿ ಅವರ ಕಾಲು ಹಿಡಿದಳು.

"ಯಪ್ಪಾ, ಉಳಿದವರದೆಲ್ಲಾ ಸುಳ್ಳ ಇರವಲ್ದ್ಯಾಕ. ನನ್ನ ಗಂಡಂದು ಖರೇನ ಬ್ಯಾನಿ ಐತ್ರಿ. ಒಮ್ಮೆ ಮುಟ್ಟಿ ನೋಡ್ರಿ, ನಿಮಗ ಕೈ ಮುಗೀತೀನಿ!"

ಅವರ ಮುಖ ಬಿಳುಚಿಕೊಂಡಿತು. ಅವಳನ್ನು ಎಬ್ಬಿಸಿದರು. ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಾಗಿದರು.

"ಲಗೂನ ಬ್ಯಾರೆ ಕಡಿಗೆ ಒಯ್ಯಿ ಯಕ್ಕಾ. ನಾ ಪ್ಯಾಟ್ಯಾಗ ಬಟ್ಟಿ ಹೊಲಿಯಾಂವ, ಇವತ್ತೊಂದಿನ ಈ ಕೋಟು ಹಾಕಿ ನಿಲ್ಲಿಸ್ಯಾರ."