ಕೂತಲ್ಲೇ ಕೂರುವ ವಿದ್ಯೆ

ಹತ್ತನೇ ತರಗತಿಯ ಇಂಚರಳಿಗೆ ವಾರವೆಲ್ಲ ಶಾಲೆ, ಶನಿವಾರ ಮಧ್ಯಾಹ್ನ ಮಾತ್ರ ಕಾಲೇಜು. ಡಿಗ್ರಿಯವರ ಜೊತೆ ಕೂತು ಖಗೋಳಶಾಸ್ತ್ರದ ಒಂದು ಪೇಪರ್ ಪಾಸು ಮಾಡಿಕೊಂಡರೆ, ಅದರ ಕ್ರೆಡಿಟ್ ಮುಂದೆ ಅವಳು ಡಿಗ್ರಿಗೆ ಸೇರಿದಾಗ ಲೆಕ್ಕಕ್ಕೆ ಬರುತ್ತದೆ.

ಪಾಠವೇನೋ ನೀರು ಕುಡಿದಷ್ಟು ಸಲೀಸು. ಕಾಟ ಕೊಟ್ಟದ್ದು ಕಾಲುಗಳು. ಮೊದಲ ದಿನ ಮೇಡಂ ಒಳಗೆ ಬಂದದ್ದೇ ತಡ, ಅವು ತಾವಾಗಿಯೇ ಎದ್ದು ನಿಂತವು. ಬಾಯಿ "ನಮಸ್ತೇ ಟೀಚರ್" ಎಂದು ರಾಗ ಎಳೆಯಿತು. ಉಳಿದ ನಲವತ್ತು ಮಂದಿ ಕೂತಲ್ಲೇ ಬಿದ್ದು ಬಿದ್ದು ನಕ್ಕರು.

"ಇದು ಕಾಲೇಜು ಕಣೇ ಪುಟ್ಟಿ," ಎಂದಳು ಪಕ್ಕದಲ್ಲಿದ್ದ ಅಕ್ಕ. "ಇಲ್ಲಿ ಯಾರೂ ಏಳಲ್ಲ. ನಮ್ಮ ಬೆಂಚಿನ ಮಾನ ಕಳೀಬೇಡ."

ಮುಂದಿನ ಐದು ಶನಿವಾರವೂ ಅದೇ ಕಥೆ. ಕೊನೆಗೆ ಇಂಚರ ಮನೆಯಲ್ಲಿ ಅಭ್ಯಾಸಕ್ಕೆ ಇಳಿದಳು. ಅಮ್ಮ ಹತ್ತು ಸಲ ಬಾಗಿಲಿಂದ ಒಳಗೆ ಬರಬೇಕು, ತಾನು ಒಂದು ಸಲವೂ ಏಳಕೂಡದು.

"ಅದೇನು ಕಾಲೇಜೋ, ಇದ್ದ ಮರ್ಯಾದೇನೂ ಮರೆಸ್ತಿದೆ," ಎಂದು ಗೊಣಗುತ್ತಲೇ ಅಮ್ಮ ಹತ್ತು ಸಲವೂ ಬಂದಳು.

ಏಳನೇ ಶನಿವಾರ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ಜನವೋ ಜನ. ಇಂಚರ ಅತ್ತ ಸುಳಿಯದೆ ನೇರವಾಗಿ ಕ್ಲಾಸಿಗೆ ಹೋಗಿ, ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಳು. ಮೇಡಂ ಬಂದರು. ಅವಳು ಅಲುಗಲಿಲ್ಲ.

ದಡಬಡ ಸದ್ದಾಯಿತು. ನಲವತ್ತು ಮಂದಿಯೂ ಎದ್ದು ನಿಂತು "ನಮಸ್ತೇ ಟೀಚರ್" ಎಂದು ರಾಗ ಎಳೆದರು.

"ಎದ್ದೇಳೇ ತಾಯಿ," ಪಕ್ಕದ ಅಕ್ಕ ಅವಳ ಜಡೆ ಜಗ್ಗಿದಳು, "ಇಂಟರ್ನಲ್ಸ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಿದ್ದಿರೋದು ಎದ್ದು ನಿಲ್ತಿದ್ದ ನಿನಗೊಬ್ಬಳಿಗೇ!"