ನಿಂತೇ ಇದ್ದವಳು

ಅವಳಿಗೆ ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಸೀರೆ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಲ್ಲದಿದ್ದರೂ ಅಲ್ಲಿ ಯಾರೂ ಕೂರುವಂತಿರಲಿಲ್ಲ. ಮಾಲೀಕರು ಮನೆಯಲ್ಲಿದ್ದುಕೊಂಡೇ ಮೊಬೈಲಿನಲ್ಲಿ ಅಂಗಡಿಯ ಕ್ಯಾಮೆರಾ ನೋಡುತ್ತಿದ್ದರು.

ಆ ದಿನ ಮುಟ್ಟಿನ ಹೊಟ್ಟೆನೋವು ತಡೆಯಲಾಗದೆ ಅವಳು ನೆಲದ ಮೇಲೆ ಕೂತುಬಿಟ್ಟಳು. ಕೂಡಲೇ ಮ್ಯಾನೇಜರ್ ಫಾಲಾಕ್ಷಪ್ಪನವರ ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಬೇಕಿತ್ತು. ಅದು ಮಾಲೀಕರ ಕಟ್ಟಪ್ಪಣೆ.

“ಯಾರ್ರೀ ಅವಳು ಕೂತಿರೋದು?”

“ಸಾರ್, ಹುಡುಗಿಗೆ ಹುಷಾರಿಲ್ಲ. ಕಾಲೇಜು ಮುಗಿಸ್ಕೊಂಡು ಹಾಗೇ ಬಂದಿದಾಳೆ.”

“ಬಾಗಿಲ ಹತ್ರ ಹಸಿರು ಸೀರೆಯವಳು ನಿಂತಿಲ್ವಾ? ಆಗಿಂದ ನೋಡ್ತಿದೀನಿ. ಕೂತಿಲ್ಲ, ಹರಟೆ ಹೊಡ್ದಿಲ್ಲ, ನೀರು ಕುಡಿಯೋಕೂ ಹೋಗಿಲ್ಲ. ಅವಳಿಗೆ ಕಾಲು ನೋಯಲ್ವಾ?”

ಫಾಲಾಕ್ಷಪ್ಪ ಬಾಗಿಲ ಕಡೆ ನೋಡಿದರು.

“ಏನ್ರೀ, ಕೇಳಿಸ್ತಾ?”

“ಹೌದು ಸಾರ್. ಅವಳು... ಒಳ್ಳೆಯವಳು.”

“ನಮಗೆ ಅಂಥವರಿದ್ರೆ ಸಾಕು. ಕೂತವಳನ್ನ ಈಗಲೇ ಮನೆಗೆ ಕಳಿಸಿ, ನಾಳೆಯಿಂದ ಬರೋದು ಬೇಡ.”

“ಆಗ್ಲಿ ಸಾರ್.”

ಅವಳು ಎದ್ದು ಕಾಲೇಜಿನ ಬ್ಯಾಗು ಹೆಗಲಿಗೇರಿಸಿಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು, ಬಂದ ಕೂಡಲೇ ತಾನೇ ಹಸಿರು ಸೀರೆ ಉಡಿಸಿದ್ದ ಬೊಂಬೆಯ ಸೆರಗು ಸರಿಮಾಡಿದಳು.