ಎರ್ಸಿಲಿಯಾಳ ಬೀಗದ ಕೈ

ಗಂಟೆ ಬಾರಿಸಿದವನನ್ನು ಎರ್ಸಿಲಿಯಾ ಒಳಗೆ ಕರೆಯಲಿಲ್ಲ. ತಾನೇ ಹೊರಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು. ಕೈಯಲ್ಲಿ ಗೇಣುದ್ದದ ಬೀಗದ ಕೈ.

"ಚರ್ಚು ನೋಡೋಕೆ ತಾನೆ? ನಡೀರಿ, ಪ್ರೊಫೆಸರ್ರೇ."

ಬಂದವನು ಬ್ರಗಾಲ್ದಿ, ಹಳೆಯ ಗೋಡೆಚಿತ್ರಗಳ ತಜ್ಞ. ಚರ್ಚಿನ ಗೋಡೆಯ ಐನೂರು ವರ್ಷದ ಚಿತ್ರ ಅಸಲಿ ಎಂದು ಅವನು ಬರೆದುಕೊಟ್ಟರೆ ಚರ್ಚು ಉಳಿಯುತ್ತದೆ. ಎರ್ಸಿಲಿಯಾಳ ಅಜ್ಜಿಯ ಕಾಲದಿಂದ ಮನೆಯಲ್ಲಿರುವ ಬೀಗದ ಕೈಯೂ ಉಳಿಯುತ್ತದೆ. ಇಲ್ಲವಾದರೆ ಚರ್ಚು ಮುಚ್ಚಿ ಬಾಗಿಲಿಗೆ ಹಲಗೆ ಬಡಿಯುತ್ತಾರೆ.

ಹಿಂದೆಯೇ ಅವಳ ಗಂಡ ಸೆತ್ತಿಮಿಯೊ ಚರ್ಚಿನೊಳಗೆ ಬಂದು ಬೆಂಚಿನ ಮೇಲೆ ಕೂತ. ಊರಿನ ಅರ್ಧ ಮನೆಗಳಿಗೆ ಬಣ್ಣ ಬಳಿದು ಸೊಂಟ ಕಳೆದುಕೊಂಡವನು.

ಬ್ರಗಾಲ್ದಿ ಏಣಿ ಹತ್ತಿ, ಭೂತಗನ್ನಡಿಯಲ್ಲಿ ಮಾತೆ ಮರಿಯಳ ಕೆನ್ನೆ ನೋಡಿದ.

"ಇದನ್ನ ಯಾರೋ ಆಮೇಲೆ ತಿದ್ದಿದಾರೆ."

ಎರ್ಸಿಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

"ಈ ಸಂತನ ಗಡ್ಡಾನೂ ಅಷ್ಟೇ. ಪೊರಕೇಲಿ ಬಳಿದ ಹಾಗಿದೆ."

"ಒಳ್ಳೇ ಕುಂಚ ಸಿಗದಿದ್ರೆ ಪಾಪ ಅವನೇನ್ಮಾಡ್ತಾನೆ?" ಎಂದ ಸೆತ್ತಿಮಿಯೊ.

"ಕೂರೋಕೆ ಬಂದ್ರೋ, ವಕಾಲತ್ತು ಮಾಡೋಕೆ ಬಂದ್ರೋ?" ಹೆಂಡತಿ ಮೊಣಕೈಯಿಂದ ತಿವಿದಳು.

ಏಣಿ ಕೊನೆಯ ಮೂಲೆಗೆ ಸರಿಯಿತು. ಅಲ್ಲಿ ನೀಲಿ ರೆಕ್ಕೆಯ ದೇವದೂತ. ಎರ್ಸಿಲಿಯಾ ಏಣಿಯ ಬುಡಕ್ಕೇ ಬಂದು ನಿಂತಳು.

"ಅಲ್ಲಿ ಕತ್ತಲು, ಪ್ರೊಫೆಸರ್ರೇ. ಏನೂ ಕಾಣ್ಸಲ್ಲ, ಇಳೀರಿ."

ಅವನು ಇಳಿಯಲಿಲ್ಲ. ಭೂತಗನ್ನಡಿಯನ್ನು ರೆಕ್ಕೆಗೆ ಇನ್ನಷ್ಟು ಹತ್ತಿರ ಹಿಡಿದ.

"ಅಮ್ಮಾ, ಇದೊಂದನ್ನ ಯಾರೂ ಮುಟ್ಟಿಲ್ಲ! ಮೂಲ ಕಲಾವಿದನದೇ ಕೈ. ಈ ನೀಲಿ ಅರೆಯೋ ಗುಟ್ಟು ಅವನ ಜೊತೇಲೇ ಮಣ್ಣಾಯ್ತು. ಇದೊಂದೇ ಸಾಕು, ನಿಮ್ಮ ಚರ್ಚು ಉಳೀತು."

ಸೆತ್ತಿಮಿಯೊಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ.

"ವರದಿ ಈಗಲೇ ಬರೀತೀನಿ. ನಿಮ್ಮ ಅಡುಗೆಮನೇಲಿ ಮೇಜಿದೆಯಾ?"

"ಅಡುಗೆಮನೆ ಬೇಡ!" ಇಬ್ಬರೂ ಒಟ್ಟಿಗೇ ಕೂಗಿದರು.

"ಹೊಗೆ" ಎಂದಳು ಅವಳು.

"ಇಲಿ" ಎಂದ ಅವನು.

ಬ್ರಗಾಲ್ದಿ ಚರ್ಚಿನ ಮೆಟ್ಟಿಲ ಮೇಲೇ ಕೂತು ಬರೆದ. ಕಾಫಿಯೂ ಅಲ್ಲಿಗೇ ಬಂತು. ಸಹಿ ಹಾಕಿ ಬಸ್ಸು ಹತ್ತಿದ.

ಎರ್ಸಿಲಿಯಾ ಮನೆಗೆ ಬಂದು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, ಅಡುಗೆಮನೆಯಲ್ಲಿ ಬೇಳೆಸಾರು ಬಡಿಸಿದಳು.

"ನಲವತ್ತು ವರ್ಷದ ಹಿಂದೆ ನೀನು ಆ ದೇವದೂತನ್ನ ಸೋಡಾ ಹಾಕಿ ತಿಕ್ಕಿ ಅಳಿಸದೆ ಇದ್ದಿದ್ರೆ," ಎಂದ ಸೆತ್ತಿಮಿಯೊ, "ಇವತ್ತು ಚರ್ಚೇ ಇರ್ತಿರ್ಲಿಲ್ಲ ಕಣೇ."

"ಬಾಯ್ಮುಚ್ಕೊಂಡು ಊಟ ಮಾಡಿ."

ಸುತ್ತಲಿನ ನಾಲ್ಕು ಗೋಡೆಗಳೂ ದೇವದೂತನ ರೆಕ್ಕೆಯ ಅದೇ ನೀಲಿ. ಒಲೆಯ ಪಕ್ಕದ ಮೂಲೆಯಲ್ಲಿ ಮಾತ್ರ, ಬಣ್ಣ ಸಾಲದೆ, ಒಂದು ರೆಕ್ಕೆಯಷ್ಟು ಜಾಗ ಬರೀ ಸುಣ್ಣ.